ಶಾಸಕನ ಪೀಠವೂ ಮತದಾರನ ಋಣವೂ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಕೃಷ್ಣೆಯ ಎರಡೂ ದಂಡೆಗಳಲ್ಲಿ, ಶಾಸಕರ ವಿಷಯವಾಗಿ ಮಾತು ಬಂದಾಗ ಜನರು ಆಡುವ ನುಡಿಯೊಂದುಂಟು: ‘ಅದು ಅವರ ಸೀಟು.’ ಅಥಣಿ ಇಂಥವರ ಸೀಟು, ಕಾಗವಾಡ ಇಂಥವರ ಸೀಟು, ಹುಕ್ಕೇರಿ ಇಂಥ ಮನೆತನದ ಸೀಟು. ಹೊಲಕ್ಕೆ ಖಾತೆದಾರನ ಹೆಸರು ಹೇಳುವಷ್ಟು ಸಹಜವಾಗಿ ಈ ಮಾತು ಬಾಯಿಂದ ಬೀಳುತ್ತದೆ. ಕೇಳಿದವರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದರೆ ಪೀಠಕ್ಕೆ ಖಾತೆದಾರನೆಂಬವನೇ ಇಲ್ಲ. ಅದು ಜನರ ಸ್ವತ್ತು. ಐದು ವರ್ಷಗಳ ಅವಧಿಗೆ, ಕೊಟ್ಟ ಮಾತಿನ ಮೇಲೆ, ಒಬ್ಬನ ಸ್ವಾಧೀನಕ್ಕೆ ಬಂದ ಠೇವಣಿ. ಠೇವಣಿಯನ್ನು ತನ್ನದೆಂದು ತಿಳಿದು ವ್ಯವಹರಿಸಿದವನಿಗೆ ಪೇಟೆಯಲ್ಲಿ ಏನು ಹೆಸರು ಬರುವುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ರಾಜಕಾರಣದಲ್ಲಿ ಮಾತ್ರ ಅದೇ ವ್ಯವಹಾರಕ್ಕೆ ಚಾತುರ್ಯವೆಂದು ಹೆಸರು ಬಂದಿದೆ. ಈ ಹೆಸರು ಎಷ್ಟು ಸುಳ್ಳೆಂಬುದನ್ನು 2004ರಿಂದ 2023ರ ವರೆಗಿನ ಅಥಣಿಯ ಚರಿತ್ರೆಯೊಂದೇ ತೋರಿಸಬಲ್ಲದು.

ಮೊದಲು ಮತದ ಬೆಲೆ ಏನೆಂಬುದನ್ನು ಸ್ಮರಿಸುವುದು ಯುಕ್ತ. ರಾಯಬಾಗ ಪಟ್ಟಣವೂ ಅದರ ಸುತ್ತಲಿನ ಸೀಮೆಯೂ 1949ರ ವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದವು. ಆ ವರ್ಷದ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹೊಳೆಯಾಚೆಯ ಅಥಣಿಯು ಮುಂಬಯಿ ಇಲಾಖೆಯಲ್ಲಿಯೇ ಇದ್ದಿತಾದರೂ ಅಲ್ಲಿ 1937ರ ಚುನಾವಣೆಯಲ್ಲಿ ಮತ ಹಾಕಬೇಕಾದರೆ ಕಂದಾಯವೋ ವಿದ್ಯೆಯೋ ಏನಾದರೊಂದು ಅರ್ಹತೆ ಬೇಕಾಗಿತ್ತು. ಭೂಮಿಯಿಲ್ಲದವನೂ ಅಕ್ಷರವಿಲ್ಲದವಳೂ ಮತಗಟ್ಟೆಯ ಹೊರಗೇ ಉಳಿದರು. 1951-52ರ ಮಹಾಚುನಾವಣೆಯಲ್ಲಿ ಮೊದಲ ಬಾರಿ ಈ ಸೀಮೆಯ ಪ್ರತಿಯೊಬ್ಬ ವಯಸ್ಕನೂ ವಯಸ್ಕಳೂ ಮತದಾರರಾದರು. 1956ರ ನವೆಂಬರ್ 1ರಂದು ಈ ತಾಲೂಕುಗಳು ಕನ್ನಡ ರಾಜ್ಯಕ್ಕೆ ಸೇರಿದವು. ಇದರಿಂದ ರಾಯಬಾಗ ತಾಲೂಕಿನ ಅಲಖನೂರಿನಂಥ ಹಳ್ಳಿಯಲ್ಲಿ ಕಳೆ ಕೀಳುವ ಹೆಣ್ಣುಮಗಳ ಮತಕ್ಕೂ ರಾಜಧಾನಿಯ ಕೋಟ್ಯಧೀಶನ ಮತಕ್ಕೂ ಒಂದೇ ತೂಕ ಬಂದಿತು. ಆ ಹೆಣ್ಣುಮಗಳ ಕೈಯಲ್ಲಿ ಸರಕಾರವನ್ನು ಕುರಿತು ಇರುವ ಆಸ್ತಿ ಇದೊಂದೇ. ಅದನ್ನು ಅವಳು ಐದು ವರ್ಷಕ್ಕೊಮ್ಮೆ ಮಾತ್ರ ಬಳಸಬಲ್ಲಳು. ಬಳಸಿದ ಮೇಲೆ ಅದರ ಫಲವನ್ನು ಮತ್ತೊಬ್ಬನು ತನ್ನ ಇಷ್ಟದಂತೆ ತಿರುಗಿಸಿಬಿಟ್ಟರೆ ಅವಳ ಬಳಿ ಉಳಿಯುವುದೇನು? ಬೆರಳಿನ ಮೇಲಿನ ಶಾಯಿ ಮಾತ್ರ.

ಇನ್ನು ಅಥಣಿಯ ಮಾತು. ಶ್ರೀ ಲಕ್ಷ್ಮಣ ಸವದಿಯವರು 2004, 2008, 2013ರ ಚುನಾವಣೆಗಳಲ್ಲಿ ಭಾರತೀಯ ಜನತಾ ಪಕ್ಷದಿಂದ ಅಥಣಿಯ ಶಾಸಕರಾಗಿ ಆರಿಸಿಬಂದರು. ಒಂದೇ ಕ್ಷೇತ್ರದಿಂದ ಬೆನ್ನು ಬೆನ್ನಿಗೆ ಮೂರು ಸಲ ಗೆಲ್ಲುವುದು ಸಣ್ಣ ಮಾತಲ್ಲ; ಜನರೊಡನೆ ಒಡನಾಟವಿಲ್ಲದವನಿಗೆ ಅದು ಸಾಧಿಸುವುದಿಲ್ಲ. ನಡುವೆ ಸಹಕಾರ ಖಾತೆಯ ಮಂತ್ರಿಗಳೂ ಆದರು. 2012ರ ಫೆಬ್ರವರಿಯಲ್ಲಿ, ಸದನ ನಡೆಯುತ್ತಿರುವಾಗ ಮೊಬೈಲಿನಲ್ಲಿ ಅಸಭ್ಯ ದೃಶ್ಯಗಳನ್ನು ನೋಡಿದರೆಂಬ ಆರೋಪ ಬಂದು, ಬೇರೆ ಇಬ್ಬರು ಮಂತ್ರಿಗಳೊಡನೆ ಅವರೂ ಪದತ್ಯಾಗ ಮಾಡಬೇಕಾಯಿತು. ಅವರು ತಮ್ಮ ವಿವರಣೆಯನ್ನು ಕೊಟ್ಟರು. ಮರುವರ್ಷ ಅಥಣಿಯ ಜನರು ಅವರನ್ನೇ ಮತ್ತೆ ಆರಿಸಿ ಕಳಿಸಿದರು. 2018ರ ಮೇ ತಿಂಗಳಲ್ಲಿ ಮಾತ್ರ ಗಾಳಿ ತಿರುಗಿತು. ಕಾಂಗ್ರೆಸ್ಸಿನ ಶ್ರೀ ಮಹೇಶ ಕುಮಠಳ್ಳಿಯವರು ಎರಡೂವರೆ ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಿಂದ ಸವದಿಯವರನ್ನು ಸೋಲಿಸಿದರು. ಅಂತರ ಕಿರಿದಾದರೂ ತೀರ್ಪು ತೀರ್ಪೇ. ಈ ಅವಧಿಗೆ ಅಥಣಿಯ ಮಾತನ್ನು ಸದನದಲ್ಲಿ ಆಡತಕ್ಕವರು ಕುಮಠಳ್ಳಿಯವರು, ಸವದಿಯವರಲ್ಲ. ಆಡಬೇಕಾದುದು ಕಾಂಗ್ರೆಸ್ಸಿನ ಪೀಠದಿಂದ, ಎದುರು ಪೀಠದಿಂದಲ್ಲ. ಜನರು ಹೇಳಿದ್ದು ಇಷ್ಟೇ, ಇದು ಬಹು ಸ್ಪಷ್ಟವಾಗಿಯೂ ಇತ್ತು. ನೆರೆಯ ಕಾಗವಾಡದಲ್ಲಿಯೂ ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲರು ಭಾಜಪದ ರಾಜು ಕಾಗೆಯವರನ್ನು ಮೂವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದರು.

ಹದಿನಾಲ್ಕು ತಿಂಗಳೊಳಗೆ ಈ ಎರಡು ತೀರ್ಪುಗಳೂ ಏನಾದವು? 2019ರ ಜುಲೈ ತಿಂಗಳಲ್ಲಿ ಆಡಳಿತ ಪಕ್ಷಗಳಾಗಿದ್ದ ಕಾಂಗ್ರೆಸ್ಸು ಮತ್ತು ಜಾತ್ಯತೀತ ಜನತಾದಳಗಳ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆಯ ಪತ್ರ ಹಿಡಿದು ಹೊರಟರು. ಅಥಣಿಯ ಶಾಸಕರು ಆ ಗುಂಪಿನಲ್ಲಿದ್ದರು. ಕಾಗವಾಡದ ಶಾಸಕರು ವಿಶ್ವಾಸಮತದ ಸಂದರ್ಭದಲ್ಲಿ ಸದನಕ್ಕೆ ಬಾರದೆ ಮುಂಬಯಿಯ ಆಸ್ಪತ್ರೆಯಲ್ಲಿದ್ದರು. ಜುಲೈ 23ರಂದು ಶ್ರೀ ಕುಮಾರಸ್ವಾಮಿಯವರ ಸರಕಾರವು 99ಕ್ಕೆ 105 ಮತಗಳಿಂದ ಬಿದ್ದಿತು. ಸಭಾಧ್ಯಕ್ಷರಾಗಿದ್ದ ಶ್ರೀ ರಮೇಶಕುಮಾರರು ಜುಲೈ 25ರಂದು ಅಥಣಿಯವರನ್ನೂ ಗೋಕಾವಿಯ ಶ್ರೀ ರಮೇಶ ಜಾರಕಿಹೊಳಿಯವರನ್ನೂ, ಜುಲೈ 28ರಂದು ಕಾಗವಾಡದವರನ್ನೂ ಅನರ್ಹರೆಂದು ಸಾರಿದರು. ಒಟ್ಟು ಹದಿನೇಳು ಮಂದಿ. ಈ ಸಮಯದಲ್ಲಿ ಹಣದ ಮಾತು ಬೀದಿಬೀದಿಗಳಲ್ಲಿ ಕೇಳಿಬಂದಿತು. ಸಿದ್ಧವಾಗದ ಆರೋಪವನ್ನು ಯಾರ ಮೇಲೂ ಹೊರಿಸುವುದು ನ್ಯಾಯವಲ್ಲ, ಅದರ ಅವಶ್ಯಕತೆಯೂ ಇಲ್ಲ. ಎಲ್ಲರ ಕಣ್ಣೆದುರಿಗೆ ನಡೆದದ್ದೇ ಸಾಕಷ್ಟಿದೆ.

ಏಕೆಂದರೆ ಪೀಠಗಳು ಬರಿದಾದ ಮರುವಾರವೇ ಕೃಷ್ಣೆಯು ಉಕ್ಕಿದಳು. 2019ರ ಆಗಸ್ಟಿನ ಮೊದಲ ದಿನಗಳಲ್ಲಿ ಸಹ್ಯಾದ್ರಿಯ ಮೇಲೆ ಸುರಿದ ಮಳೆಯೂ ಕೊಯ್ನಾ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರೂ ಕೂಡಿ ಇಳಿದುಬಂದವು. ಕೃಷ್ಣಾ, ದೂಧಗಂಗಾ, ವೇದಗಂಗಾ, ಘಟಪ್ರಭಾ ನದಿಗಳು ಏಕಕಾಲಕ್ಕೆ ದಂಡೆ ಮೀರಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಗೋಕಾವಿ ಸೀಮೆಯ ಹೊಳೆಸಾಲಿನ ಊರುಗಳಲ್ಲಿ ನೀರು ನುಗ್ಗಿತು. ಕುಡಚಿ, ಉಗಾರ, ಜುಗೂಳ, ಕಲ್ಲೋಳ, ಯಡೂರುಗಳ ಹೆಸರು ದಿನವೂ ವರ್ತಮಾನಪತ್ರಗಳಲ್ಲಿ ಬರತೊಡಗಿತು. ಕಬ್ಬು ಕೊಳೆಯಿತು, ಮಣ್ಣಿನ ಗೋಡೆಗಳು ಕುಸಿದವು, ದನಕರುಗಳನ್ನು ಹೊಡೆದುಕೊಂಡು ಜನರು ಎತ್ತರದ ಶಾಲೆಗಳಲ್ಲಿ, ಗಂಜಿಕೇಂದ್ರಗಳಲ್ಲಿ ಆಶ್ರಯ ಪಡೆದರು. ಶಾಸಕನೆಂಬವನು ಯಾತಕ್ಕೆ ಬೇಕು ಎಂದು ಕೇಳುವವರಿಗೆ ಇಂಥ ದಿನಗಳೇ ಉತ್ತರ. ಬಿದ್ದ ಮನೆಯನ್ನು ಲೆಕ್ಕಕ್ಕೆ ಹಿಡಿಸುವುದು, ಪಂಚನಾಮೆಯಲ್ಲಿ ಬಿಟ್ಟ ಹೆಸರನ್ನು ಸೇರಿಸುವುದು, ಪರಿಹಾರದ ಹಣಕ್ಕಾಗಿ ಸದನದಲ್ಲಿ ಜಗ್ಗಾಡುವುದು, ಇವೆಲ್ಲ ಅವನ ಕರ್ತವ್ಯ.

ಆ ದಿನಗಳಲ್ಲಿ ಅಥಣಿಗೆ ಶಾಸಕನಿರಲಿಲ್ಲ. ಕಾಗವಾಡಕ್ಕೆ ಶಾಸಕನಿರಲಿಲ್ಲ. ಗೋಕಾವಿಗೆ ಶಾಸಕನಿರಲಿಲ್ಲ. ಅಷ್ಟೇ ಅಲ್ಲ, ಜುಲೈ 26ರಿಂದ ಆಗಸ್ಟ್ 20ರ ವರೆಗೆ ಇಡೀ ರಾಜ್ಯಕ್ಕೆ ಮುಖ್ಯಮಂತ್ರಿ ಶ್ರೀ ಯಡಿಯೂರಪ್ಪನವರೊಬ್ಬರ ಹೊರತು ಎರಡನೆಯ ಮಂತ್ರಿಯೇ ಇರಲಿಲ್ಲ. ಅವರು ಪ್ರವಾಹದ ಊರುಗಳಲ್ಲಿ ಸಂಚರಿಸಿದರೆಂಬುದು ನಿಜ. ಆದರೆ ಒಬ್ಬ ಮನುಷ್ಯನು ಎಷ್ಟು ಹೊಳೆಗಳ ದಂಡೆಯ ಮೇಲೆ ನಿಲ್ಲಬಲ್ಲನು? ಅಕ್ಟೋಬರ್ 10ರಿಂದ 12ರ ವರೆಗೆ ವಿಧಾನಸಭೆಯು ಬೆಂಗಳೂರಿನಲ್ಲಿ ಕೂಡಿತು. ಪ್ರವಾಹದ ಕಾರಣವನ್ನು ಮುಂದೆಮಾಡಿ ಬೆಳಗಾವಿಯ ಅಧಿವೇಶನವನ್ನು ಕೈಬಿಡಲಾಗಿತ್ತು. ಪ್ರವಾಹದಲ್ಲಿ ಮುಳುಗಿದ ಕ್ಷೇತ್ರಗಳ ಪೈಕಿ ಮೂರರ ಪೀಠಗಳು ಆ ಸಭೆಯಲ್ಲಿ ಖಾಲಿಯಾಗಿದ್ದವು. ಜುಲೈ 25ರಿಂದ, ಉಪಚುನಾವಣೆಯ ಫಲ ಹೊರಬಿದ್ದ ಡಿಸೆಂಬರ್ 9ರ ವರೆಗೆ ಎಣಿಸಿದರೆ ಅಥಣಿಯ ಪೀಠವು 137 ದಿನ ಬರಿದಾಗಿತ್ತು. ಕಾಗವಾಡದ್ದು 134 ದಿನ. ಪೀಠವು ಶಾಸಕನ ಸ್ವಂತ ಆಸ್ತಿಯಾಗಿದ್ದಲ್ಲಿ ಅದನ್ನು ಖಾಲಿ ಬಿಡುವ ಹಕ್ಕು ಅವನಿಗಿರುತ್ತಿತ್ತು. ಜನರ ಆಸ್ತಿಯಾದುದರಿಂದ ಈ ದಿನಗಳ ಲೆಕ್ಕವನ್ನು ಅವನು ಒಪ್ಪಿಸಲೇಬೇಕು. ಪ್ರವಾಹ ಬರುವುದೆಂದು ಅವರಿಗೇನು ಗೊತ್ತಿತ್ತು ಎಂದು ಕೆಲವರು ಕೇಳುವರು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೃಷ್ಣೆಗೆ ನೀರು ಬರುವುದನ್ನು ತಿಳಿಯಲು ಜ್ಯೋತಿಷ್ಯ ಬೇಕಾಗಿಲ್ಲ. ಹೊಳೆಸಾಲಿನ ಕೂಸಿಗೂ ಅದು ಗೊತ್ತು.

ಇಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅಥಣಿಯ ಜನರು 2018ರಲ್ಲಿ ಯಾರನ್ನು ಬೇಡವೆಂದಿದ್ದರೋ ಅವರೇ 2019ರ ಆಗಸ್ಟಿನಲ್ಲಿ ಮಂತ್ರಿಗಳಾಗಿ, ಕೆಲವೇ ದಿನಗಳಲ್ಲಿ ಉಪಮುಖ್ಯಮಂತ್ರಿಗಳೂ ಆದರು. ಆಗ ಸವದಿಯವರು ವಿಧಾನಸಭೆಯ ಸದಸ್ಯರೂ ಅಲ್ಲ, ವಿಧಾನಪರಿಷತ್ತಿನ ಸದಸ್ಯರೂ ಅಲ್ಲ. ಜನರು ಆರಿಸಿದವರು ಅನರ್ಹರಾಗಿ ನ್ಯಾಯಾಲಯದ ಬಾಗಿಲಲ್ಲಿ. ಜನರು ಸೋಲಿಸಿದವರು ರಾಜ್ಯದ ಎರಡನೆಯ ಗದ್ದುಗೆಯಲ್ಲಿ! ಅಥಣಿಯ ಮತದಾರನು 2018ರ ಮೇ ತಿಂಗಳಲ್ಲಿ ಮನೆಯಲ್ಲಿಯೇ ಉಳಿದಿದ್ದರೂ ಫಲ ಇದಕ್ಕಿಂತ ಬೇರೆಯಾಗುತ್ತಿರಲಿಲ್ಲ. ಶಾಸನದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ರಾಜ್ಯಾಂಗದ 164ನೆಯ ಅನುಚ್ಛೇದದ ನಾಲ್ಕನೆಯ ಖಂಡದಂತೆ ಯಾವ ಸದನದ ಸದಸ್ಯನೂ ಅಲ್ಲದವನು ಆರು ತಿಂಗಳವರೆಗೆ ಮಂತ್ರಿಯಾಗಿರಬಹುದು. ಆರು ತಿಂಗಳು ತುಂಬುವುದರೊಳಗಾಗಿ, 2020ರ ಫೆಬ್ರವರಿಯಲ್ಲಿ, ಸವದಿಯವರು ಶಾಸಕರ ಮತಗಳಿಂದ ವಿಧಾನಪರಿಷತ್ತನ್ನು ಪ್ರವೇಶಿಸಿದರು. ಆದರೆ ಆ ಖಂಡವು ಅವಶ್ಯಕತೆಯ ಕಾಲಕ್ಕೆಂದು ಇಟ್ಟ ಕಿರಿಬಾಗಿಲು. ಹೆಬ್ಬಾಗಿಲಲ್ಲಿ ಮತದಾರನು ತಡೆದವನನ್ನು ಅದೇ ಮನೆಯೊಳಗೆ ಕರೆದೊಯ್ಯಲು ಕಿರಿಬಾಗಿಲನ್ನು ಬಳಸಿದರೆ ತಡೆದವನ ಮಾತಿಗೆ ಏನು ಅರ್ಥ ಉಳಿಯಿತು? ನೆಲಕ್ಕೆ ಒಪ್ಪಿದ ಮೇಲೆ ನೀತಿಗೆ ಒಪ್ಪಿತೆಂದು ತಿಳಿಯುವುದೇ ಈ ಕಾಲದ ರೋಗ.

ನ್ಯಾಯಾಲಯದ ಮಾತಿಗೆ ಬರೋಣವಾಗಲಿ. 2019ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಅನರ್ಹತೆಯನ್ನು ಅದು ಎತ್ತಿಹಿಡಿಯಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಪಕ್ಷಾಂತರದ ಹೊಣೆಯಿಂದ ಯಾರೂ ಜಾರಿಕೊಳ್ಳಲಾರರೆಂದು ಹೇಳಿತು. ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ವರೆಗೆ ಅವರು ಚುನಾವಣೆಗೆ ನಿಲ್ಲಬಾರದೆಂದು ಸಭಾಧ್ಯಕ್ಷರು ಹಾಕಿದ್ದ ಕಟ್ಟನ್ನು ಬಿಚ್ಚಿತು. ಅಂಥ ಕಟ್ಟು ಹಾಕುವ ಅಧಿಕಾರವನ್ನು ಶಾಸನವು ಸಭಾಧ್ಯಕ್ಷರಿಗೆ ಕೊಟ್ಟಿಲ್ಲವೆಂಬುದು ಅದಕ್ಕೆ ಕಾರಣ. ಈ ಮೊಕದ್ದಮೆಗೆ ಕಾಗವಾಡದ ಶಾಸಕರ ಹೆಸರೇ ಅಂಟಿಕೊಂಡಿದೆ: ‘ಶ್ರೀಮಂತ ಬಾಳಾಸಾಹೇಬ ಪಾಟೀಲ ವಿರುದ್ಧ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷ.’ ದೇಶದ ಕಾಯದೆ ಕಾಲೇಜುಗಳಲ್ಲಿ ಪಕ್ಷಾಂತರದ ಪಾಠಕ್ಕೆ ಕುಳಿತ ವಿದ್ಯಾರ್ಥಿಗಳು ಈ ಹೆಸರನ್ನು ಓದುತ್ತಾರೆ. ಕೃಷ್ಣಾತೀರದ ಒಂದು ಕ್ಷೇತ್ರವು ದೇಶಕ್ಕೆ ಪರಿಚಿತವಾಗಲು ಇದಕ್ಕಿಂತ ಒಳ್ಳೆಯ ಮಾರ್ಗಗಳಿದ್ದವು.

ಶಾಸನದ ಕೊರತೆ ಎಲ್ಲಿದೆಯೆಂಬುದು ಇದರಿಂದ ಗೋಚರವಾಗುವುದು. 1985ರಲ್ಲಿ ರಾಜ್ಯಾಂಗಕ್ಕೆ ಸೇರಿಸಿದ ಹತ್ತನೆಯ ಅನುಸೂಚಿಯು ಶಾಸಕನು ತನ್ನ ಪಕ್ಷವನ್ನು ತಾನಾಗಿ ಬಿಟ್ಟರೆ, ಇಲ್ಲವೆ ಪಕ್ಷದ ಆಜ್ಞೆ ಮೀರಿ ಮತ ಹಾಕಿದರೆ ಅವನನ್ನು ದಂಡಿಸುತ್ತದೆ. ಪಕ್ಷದ ಮೂರನೆಯ ಒಂದು ಭಾಗ ಒಡೆದು ಹೋದರೆ ಕ್ಷಮೆಯುಂಟೆಂಬ ಸಡಿಲನ್ನು 2003ರ 91ನೆಯ ತಿದ್ದುಪಡಿಯು ತೆಗೆದುಹಾಕಿತು. ಅನರ್ಹನಾದವನು ಮತ್ತೆ ಆರಿಸಿಬರುವ ತನಕ ಮಂತ್ರಿಯಾಗಕೂಡದೆಂದೂ ವಿಧಿಸಿತು. ಇದೆಲ್ಲವೂ ಪಕ್ಷದ ರಕ್ಷಣೆಗೆ ಬಂದ ಕಾಯದೆ. ಮತದಾರನಿಗೆ ಕೊಟ್ಟ ಮಾತು ಮುರಿದುದಕ್ಕೆ ಆ ಅನುಸೂಚಿಯಲ್ಲಿ ಒಂದು ಸಾಲೂ ಇಲ್ಲ. ಪಕ್ಷವು ವಾದಿ, ಶಾಸಕನು ಪ್ರತಿವಾದಿ. ಮನೆ ಕಳೆದುಕೊಂಡ ಮತದಾರನು ಪ್ರೇಕ್ಷಕ. ಮೇಲಾಗಿ ಈ ವಿಧಿಯೇ ಹೊಸದೊಂದು ಉಪಾಯಕ್ಕೆ ದಾರಿಯಾಯಿತು: ಪಕ್ಷ ಬಿಡು, ಪೀಠ ಬಿಡು, ಆರು ತಿಂಗಳೊಳಗೆ ಹೊಸ ಚಿಹ್ನೆಯಿಂದ ಅದೇ ಪೀಠಕ್ಕೆ ಮರಳು, ಬಳಿಕ ಮಂತ್ರಿಯಾಗು. 2008ರಲ್ಲಿಯೇ ಈ ಉಪಾಯದ ಪ್ರಯೋಗವಾಗಿತ್ತು. ಜನರು ಅದಕ್ಕೆ ‘ಆಪರೇಷನ್ ಕಮಲ’ವೆಂದು ಹೆಸರಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಎಂಟು ಉಪಚುನಾವಣೆಗಳಲ್ಲಿ ಹುಕ್ಕೇರಿ ಮತ್ತು ಅರಭಾವಿ ಇದೇ ಜಿಲ್ಲೆಯವು. ಎರಡರಲ್ಲಿಯೂ ಮೇ ತಿಂಗಳಲ್ಲಿ ದಳದಿಂದ ಗೆದ್ದವರೇ ಡಿಸೆಂಬರಿನಲ್ಲಿ ಭಾಜಪದಿಂದ ಗೆದ್ದರು. ಹೀಗೆ ಬೆಳಗಾವಿ ಜಿಲ್ಲೆಯು ಈ ವಿದ್ಯೆಗೆ ಮೊದಲ ಗರಡಿಗಳಲ್ಲೊಂದಾಯಿತು. 2008ರಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲವಾದುದರಿಂದ 2019ರಲ್ಲಿ ಕೇಳುವವರ ಭಯವೇ ಉಳಿಯಲಿಲ್ಲ.

ಈ ನಡತೆಯ ಪಕ್ಷದಲ್ಲಿ ಮೂರು ವಾದಗಳನ್ನು ಹೂಡುವುದುಂಟು. ಮೂರನ್ನೂ ಪರೀಕ್ಷಿಸುವುದು ನ್ಯಾಯ.

ಮೊದಲನೆಯದು ಅಭಿವೃದ್ಧಿಯ ವಾದ. ವಿರೋಧ ಪಕ್ಷದ ಶಾಸಕನ ಕ್ಷೇತ್ರಕ್ಕೆ ನೀರಾವರಿಯಿಲ್ಲ, ರಸ್ತೆಯಿಲ್ಲ, ಹಣವಿಲ್ಲ. ಆದುದರಿಂದ ಕ್ಷೇತ್ರದ ಹಿತಕ್ಕಾಗಿಯೇ ಆಳುವ ಪಕ್ಷಕ್ಕೆ ಹೋಗಬೇಕಾಯಿತೆಂದು ಹೇಳುತ್ತಾರೆ. ಆದರೆ 2019ರ ಜುಲೈಯಲ್ಲಿ ಅಥಣಿ, ಕಾಗವಾಡಗಳ ಶಾಸಕರು ಕುಳಿತಿದ್ದುದು ಯಾವ ಕಡೆ? ಆಳುವ ಕಡೆಯಲ್ಲಿಯೇ! ಅವರದೇ ಪಕ್ಷವು ಸರಕಾರದಲ್ಲಿ ಪಾಲುಗಾರನಾಗಿತ್ತು. ತಮ್ಮದೇ ಸರಕಾರದಿಂದ ತಮ್ಮ ತಾಲೂಕಿಗೆ ಕೆಲಸ ತರಲಾರದೆ ಇದ್ದಲ್ಲಿ ಸದನದಲ್ಲಿ ಎದ್ದು ನಿಂತು ಹಾಗೆಂದು ಹೇಳಬೇಕಾಗಿತ್ತು. ಊರಿಗೆ ಬಂದು ಜನರನ್ನು ಕೂಡಿಸಿ ಕೇಳಬೇಕಾಗಿತ್ತು. ಇದಾವುದೂ ಇಲ್ಲದೆ ಮುಂಬಯಿಗೆ ಹೋದುದರಲ್ಲಿ ಯಾವ ಕಾಲುವೆಯ ಹಿತ ಅಡಗಿದೆಯೋ ತಿಳಿಯದು. ಇನ್ನೊಂದು ಮಾತು: ಆಳುವವರಿಗೆ ಮತ ಕೊಡದ ಊರಿಗೆ ನೀರು ಕೊಡೆವೆಂಬುದು ಪ್ರಜಾಪ್ರಭುತ್ವವಲ್ಲ, ಅದು ಸಂಸ್ಥಾನದ ಪದ್ಧತಿ. ಆ ಅನ್ಯಾಯವನ್ನು ಎದುರಿಸಬೇಕಾದ ಶಾಸಕನು ಅದನ್ನೇ ತನ್ನ ಪಕ್ಷಾಂತರಕ್ಕೆ ನೆಪವಾಗಿ ಹಿಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಎರಡನೆಯದು ಆತ್ಮಸಾಕ್ಷಿಯ ವಾದ. ಶಾಸಕನು ಮತದಾರನ ಕೈಗೊಂಬೆಯಲ್ಲ, ತನ್ನ ವಿವೇಕದಂತೆ ನಡೆಯುವ ಸ್ವಾತಂತ್ರ್ಯ ಅವನಿಗುಂಟು ಎನ್ನುತ್ತಾರೆ. ಇದು ಗೌರವಕ್ಕೆ ಪಾತ್ರವಾದ ವಾದ. 1774ರಲ್ಲಿ ಎಡ್ಮಂಡ್ ಬರ್ಕನು ಬ್ರಿಸ್ಟಲ್ ನಗರದ ಮತದಾರರಿಗೆ ಇದನ್ನೇ ಬಹಿರಂಗವಾಗಿ ತಿಳಿಸಿದ್ದನು. ಆದರೆ ಅವನು ಹೇಳಿದ್ದು ಪ್ರಶ್ನೆಗಳ ಬಗ್ಗೆ ತನ್ನ ವಿವೇಕದಂತೆ ಮತ ಕೊಡುವೆನೆಂದು. ವ್ಯಾಪಾರದ ವಿಷಯದಲ್ಲಿಯೂ ಕೆಥೊಲಿಕರ ವಿಷಯದಲ್ಲಿಯೂ ಆ ನಗರದವರಿಗೆ ಒಲ್ಲದ ನಿಲುವನ್ನು ತಾಳಿದನು, ಅದರ ಬೆಲೆಯನ್ನೂ ತೆತ್ತನು: 1780ರಲ್ಲಿ ಬ್ರಿಸ್ಟಲಿನ ಪೀಠವು ಅವನ ಕೈತಪ್ಪಿತು. ಆತ್ಮಸಾಕ್ಷಿಯ ಗುರುತು ಇದೇ. ಅದರಿಂದ ಮನುಷ್ಯನಿಗೆ ನಷ್ಟವಾಗುವುದು. 2019ರಲ್ಲಿ ಹದಿನೇಳು ಮಂದಿಯ ಆತ್ಮಸಾಕ್ಷಿ ಒಂದೇ ತಿಂಗಳಲ್ಲಿ ಎಚ್ಚತ್ತು, 2020ರ ಫೆಬ್ರವರಿಯಲ್ಲಿ ಅವರ ಪೈಕಿ ಹತ್ತು ಮಂದಿ ಮಂತ್ರಿಗಳಾಗಿ ಪ್ರಮಾಣ ಸ್ವೀಕರಿಸಿದರು. ಕಾಗವಾಡ, ಗೋಕಾವಿಗಳ ಶಾಸಕರು ಅವರಲ್ಲಿದ್ದರು. ಅಥಣಿಯವರಿಗೆ ಮಂತ್ರಿಪದ ಬರಲಿಲ್ಲ. ಇಂಥ ಲಾಭದಾಯಕವಾದ ಆತ್ಮಸಾಕ್ಷಿಯನ್ನು ಬರ್ಕನು ಕಂಡಿರಲಾರನು. ಒಬ್ಬ ವಕೀಲನು ಕಕ್ಷಿದಾರನ ವಕಾಲತ್ತು ಪಡೆದು ವಿಚಾರಣೆಯ ನಡುವೆ ಎದುರಾಳಿಯ ಮೇಜಿಗೆ ಹೋಗಿ ಕುಳಿತು, ಇದು ತನ್ನ ವಿವೇಕವೆಂದರೆ ಯಾವ ನ್ಯಾಯಾಧೀಶನೂ ಕೇಳುವುದಿಲ್ಲ. ಕಕ್ಷಿದಾರನಿಗೆ ಸಲ್ಲುವ ಈ ರಕ್ಷಣೆ ಮತದಾರನಿಗೆ ಸಲ್ಲಬಾರದೇಕೆ?

ಮೂರನೆಯದೂ ಎಲ್ಲಕ್ಕಿಂತ ಪ್ರಬಲವಾದುದೂ ಜನತೀರ್ಪಿನ ವಾದ. 2019ರ ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಹನ್ನೆರಡರಲ್ಲಿ ಭಾಜಪ ಗೆದ್ದಿತು. ಅಥಣಿಯಲ್ಲಿ ಕುಮಠಳ್ಳಿಯವರು ಸುಮಾರು ನಲವತ್ತು ಸಾವಿರ ಮತಗಳ ಅಂತರದಿಂದಲೂ ಕಾಗವಾಡದಲ್ಲಿ ಪಾಟೀಲರು ಹದಿನೆಂಟು ಸಾವಿರಕ್ಕೂ ಹೆಚ್ಚಿನ ಅಂತರದಿಂದಲೂ ಹೊಸ ಚಿಹ್ನೆಯ ಮೇಲೆ ಮರಳಿ ಬಂದರು. ಜನರೇ ಕ್ಷಮಿಸಿದ ಮೇಲೆ ಬೇರೆಯವರ ತಕರಾರೇನು? ತಕರಾರು ಇದು: ಜನರನ್ನು ಕೇಳಿದ್ದು ಕೆಲಸ ಮುಗಿದ ಮೇಲೆ. ಸರಕಾರ ಬಿದ್ದಾಗಿತ್ತು, ಹೊಸ ಸರಕಾರ ಕುಳಿತಾಗಿತ್ತು, ಹಿಂದಿನ ಶಾಸಕರಾದ ಸವದಿಯವರು ಉಪಮುಖ್ಯಮಂತ್ರಿಗಳಾಗಿ ತಮ್ಮನ್ನು ಸೋಲಿಸಿದವರ ಪರವಾಗಿಯೇ ಪ್ರಚಾರಕ್ಕೆ ಇಳಿದಿದ್ದರು. ಪ್ರವಾಹದಲ್ಲಿ ಮನೆ ಬಿದ್ದವನು ಪರಿಹಾರದ ದಾರಿ ನೋಡುತ್ತಿರುವಾಗ, ಆಳುವವರ ವಿರುದ್ಧ ಮತ ಹಾಕುವ ಧೈರ್ಯ ಅವನಿಗೆ ಎಷ್ಟಿರಬಹುದು? ಇಂಥ ಸ್ಥಿತಿಯಲ್ಲಿ ಕೊಟ್ಟ ಮತವು ಮುಂದಿನ ಬದುಕಿನ ಚಿಂತೆಯಿಂದ ಕೊಟ್ಟದ್ದು. ಹಿಂದಿನದಕ್ಕೆ ಕೊಟ್ಟ ಕ್ಷಮಾಪತ್ರವಲ್ಲ.

ಉಪಚುನಾವಣೆಯ ಗೆಲವೇ ನಿರ್ದೋಷದ ಪ್ರಮಾಣಪತ್ರವೆಂದು ಹಟ ಹಿಡಿಯುವವರು 2023ರ ಫಲವನ್ನೂ ಒಪ್ಪಿಕೊಳ್ಳಬೇಕಾಗುವುದು. ಆ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಅಥಣಿಯ ಜನರು ಕುಮಠಳ್ಳಿಯವರನ್ನು 76 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದರು. ಕಾಗವಾಡದವರು ಪಾಟೀಲರನ್ನು ಎಂಟು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಕೆಳಗಿಳಿಸಿದರು. 2019ರ ಗೆಲವು ಬಿಡುಗಡೆಯಾದರೆ 2023ರ ಸೋಲು ಶಿಕ್ಷೆಯೇ ಆಗಬೇಕು. ಸತ್ಯವೇನೆಂದರೆ ಚುನಾವಣೆಯು ನ್ಯಾಯಸ್ಥಾನವಲ್ಲ. ಮುಂದೆ ಯಾರು ಬೇಕೆಂಬ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡಬಲ್ಲದು.

2023ರಲ್ಲಿ ಅಥಣಿಯಿಂದ ಗೆದ್ದವರು ಯಾರು? ಮತ್ತೆ ಲಕ್ಷ್ಮಣ ಸವದಿಯವರು. ಆದರೆ ಈ ಸಲ ಕಾಂಗ್ರೆಸ್ಸಿನ ಚಿಹ್ನೆಯ ಮೇಲೆ. ಭಾಜಪವು ಟಿಕೀಟು ಕೊಡದೆ ಹೋದುದರಿಂದ ಏಪ್ರಿಲಿನಲ್ಲಿ ಅವರು ಆ ಪಕ್ಷವನ್ನೂ ಪರಿಷತ್ತಿನ ಸದಸ್ಯತ್ವವನ್ನೂ ಬಿಟ್ಟುಬಂದಿದ್ದರು. ಕಾಗವಾಡದಲ್ಲಿ ಗೆದ್ದ ರಾಜು ಕಾಗೆಯವರೂ 2018ರಲ್ಲಿ ಭಾಜಪದ ಅಭ್ಯರ್ಥಿಯಾಗಿದ್ದವರು, 2019ರ ಉಪಚುನಾವಣೆಯ ಹೊತ್ತಿಗೆ ಕಾಂಗ್ರೆಸ್ಸಿಗೆ ಬಂದವರು. ಹೀಗೆ ಐದು ವರ್ಷಗಳಲ್ಲಿ ಎರಡೂ ತಾಲೂಕುಗಳಲ್ಲಿ ಎದುರಾಳಿಗಳು ಪರಸ್ಪರ ಪಕ್ಷಗಳನ್ನು ಬದಲಾಯಿಸಿಕೊಂಡು ನಿಂತರು. ವ್ಯಕ್ತಿಗಳು ಅವರೇ, ಧ್ವಜಗಳು ಮಾತ್ರ ಅದಲುಬದಲು. ಆದುದರಿಂದ ಈ ದೋಷದಲ್ಲಿ ಒಂದು ಪಕ್ಷದವರು ಇನ್ನೊಂದು ಪಕ್ಷದವರ ಕಡೆಗೆ ಬೆರಳು ತೋರಿಸುವಂತಿಲ್ಲ. ಒಬ್ಬರು ಕರೆದರು, ಇನ್ನೊಬ್ಬರು ಹೊರಹಾಕಿದವರಿಗೆ ಬಾಗಿಲು ತೆರೆದರು. ತತ್ತ್ವದ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಇಲ್ಲಿ ಒಂದು ಭೇದವನ್ನು ಮಾತ್ರ ಒಪ್ಪಲೇಬೇಕು. ಸವದಿಯವರ 2023ರ ಪಕ್ಷಾಂತರವೂ ಕುಮಠಳ್ಳಿಯವರ 2019ರ ಪಕ್ಷಾಂತರವೂ ಒಂದೇ ತೂಕದವಲ್ಲ. ವಿಧಾನಸಭೆಯ ಅವಧಿ ಮುಗಿಯುವ ಕಾಲದಲ್ಲಿ, ಹೊಸ ಮತವನ್ನು ಬೇಡುವ ಮೊದಲು, ಎಲ್ಲರಿಗೂ ತಿಳಿಯುವಂತೆ ಪಕ್ಷ ಬಿಟ್ಟು, ಹೊಂದಿದ್ದ ಸ್ಥಾನವನ್ನೂ ಬಿಟ್ಟು, ಹೊಸ ಚಿಹ್ನೆಯೊಡನೆ ಜನರ ಮುಂದೆ ನಿಂತವನು ಅಥಣಿಯವರಿಗೆ ಕೊಟ್ಟ ಮಾತನ್ನೇನೂ ಮುರಿಯಲಿಲ್ಲ. ಟಿಕೀಟು ಸಿಕ್ಕಿದ್ದಲ್ಲಿ ಅವರು ಹಳೆಯ ಪಕ್ಷದಲ್ಲಿಯೇ ಉಳಿಯುತ್ತಿದ್ದರೆಂದು ಹೇಳಿ ತತ್ತ್ವನಿಷ್ಠೆಯ ಪ್ರಶ್ನೆಯನ್ನು ಎತ್ತಬಹುದು. ಆದರೆ ವಂಚನೆಯ ಪ್ರಶ್ನೆ ಅಲ್ಲಿ ಇಲ್ಲ. ಸವದಿಯವರ ಜೀವನಕ್ರಮದಲ್ಲಿ ಆಕ್ಷೇಪಕ್ಕೆ ಗುರಿಯಾಗಬೇಕಾದುದು 2019. ಜನರು ಬೇಡವೆಂದ ಮರುವರ್ಷವೇ, ಜನರ ತೀರ್ಪನ್ನು ಹರಿದ ಸನ್ನಿವೇಶದಿಂದ ಹುಟ್ಟಿದ ಗದ್ದುಗೆಯನ್ನು ಏರಿದುದು ಆಕ್ಷೇಪಾರ್ಹ. ಅಭಿಪ್ರಾಯ ಬದಲಿಸುವುದು ಮನುಷ್ಯಸಹಜ, ಪಕ್ಷ ಬದಲಿಸುವುದೂ ಎಲ್ಲ ಕಾಲದಲ್ಲಿಯೂ ಪಾಪವಲ್ಲ. ಜನರು ಕೊಟ್ಟ ಅವಧಿಯ ನಡುವೆ, ಜನರನ್ನು ಕೇಳದೆ, ಜನರ ಮತದಿಂದ ಬಂದ ಬಲವನ್ನು ಆ ಮತದ ವಿರುದ್ಧವೇ ತಿರುಗಿಸುವುದು ಪಾಪ. ಲಾವಣಿಗೆ ಹಿಡಿದ ಹೊಲವನ್ನು ಅವಧಿ ತೀರಿದ ಮೇಲೆ ಬಿಟ್ಟುಹೋಗುವುದಕ್ಕೂ ಬೆಳೆ ನಿಂತಿರುವಾಗ ಪರರಿಗೆ ಒಪ್ಪಿಸುವುದಕ್ಕೂ ಇರುವ ಅಂತರ ಯಾವ ರೈತನಿಗೂ ತಿಳಿದದ್ದೇ.

ಹಾಗಾದರೆ ಆಗಬೇಕಾದುದೇನು? ಶಾಸನದಲ್ಲಿ ಮೊದಲನೆಯದಾಗಿ, ಪಕ್ಷಾಂತರದಿಂದ ಅನರ್ಹನಾದವನು ಆ ವಿಧಾನಸಭೆಯ ಉಳಿದ ಅವಧಿಯಲ್ಲಿ ಮತ್ತೆ ಸ್ಪರ್ಧಿಸದಂತೆ ಸ್ಪಷ್ಟವಾದ ವಿಧಿ ಬರಬೇಕು. ಸಭಾಧ್ಯಕ್ಷರೊಬ್ಬರು ಅಧಿಕಾರವಿಲ್ಲದೆ ಮಾಡಿದ್ದನ್ನು ಸರ್ವೋಚ್ಚ ನ್ಯಾಯಾಲಯವು ಅಳಿಸಿತು. ಪಾರ್ಲಿಮೆಂಟು ಅಧಿಕಾರಪೂರ್ವಕವಾಗಿ ಮಾಡಿದರೆ ಅದು ನಿಲ್ಲಲು ಅಡ್ಡಿಯಿಲ್ಲ. ಇದರಿಂದ ಯಾರ ಆತ್ಮಸಾಕ್ಷಿಗೂ ಬಾಧೆಯಿಲ್ಲ. ನಿಜವಾದ ಭಿನ್ನಾಭಿಪ್ರಾಯವಿದ್ದವನು ಪೀಠ ಬಿಟ್ಟು ಮನೆಗೆ ಹೋಗಲಿ, ಮುಂದಿನ ಮಹಾಚುನಾವಣೆಯಲ್ಲಿ ಬರಲಿ. ಎರಡನೆಯದಾಗಿ, ಒಂದು ಮಹಾಚುನಾವಣೆಯಲ್ಲಿ ಜನರಿಂದ ಸೋತವನನ್ನು ಅದೇ ವಿಧಾನಸಭೆಯ ಕಾಲದಲ್ಲಿ ಮಂತ್ರಿಯಾಗಿ ಮಾಡುವ ಕಿರಿಬಾಗಿಲು ಮುಚ್ಚಬೇಕು. ಅವರ ಅನುಭವ ರಾಜ್ಯಕ್ಕೆ ಬೇಕಾಗಿದ್ದರೆ ಸಲಹೆ ಪಡೆಯಲು ನೂರು ದಾರಿಗಳಿವೆ.

ಆದರೆ ಶಾಸನವನ್ನು ಮಾಡತಕ್ಕವರು ಶಾಸಕರೇ ಆದುದರಿಂದ ಬರಿಯ ಶಾಸನವನ್ನು ನಂಬಿ ಕುಳಿತರೆ ಕೆಲಸ ಸಾಗದು. ಉಳಿದ ಭಾರವೆಲ್ಲ ಸುಶಿಕ್ಷಿತ ಮನೆಗಳ ಮೇಲೆಯೇ ಬೀಳುತ್ತದೆ. 2019ರಲ್ಲಿ ಈ ಸೀಮೆಯ ವಕೀಲರು, ಶಿಕ್ಷಕರು, ವೈದ್ಯರು, ಸಹಕಾರಿ ಸಂಘಗಳ ಮುಖ್ಯಸ್ಥರು, ಸಕ್ಕರೆ ಕಾರಖಾನೆಗಳ ಆಡಳಿತ ಮಂಡಳಿಯವರು ಎಷ್ಟು ಮಂದಿ ತಮ್ಮ ಶಾಸಕನನ್ನು ‘ಯಾರನ್ನು ಕೇಳಿ ಹೋದಿರಿ?’ ಎಂದು ಬಹಿರಂಗವಾಗಿ ಕೇಳಿದರು? ಮನೆಯ ಪಡಸಾಲೆಯಲ್ಲಿ ಎಲ್ಲರೂ ಹಳಿದರು; ಹಾರ ತುರಾಯಿಗಳೊಡನೆ ಸ್ವಾಗತಕ್ಕೂ ಅವರೇ ನಿಂತರು. ತಿಳಿದವರು ಹೀಗಾದರೆ ಕೂಲಿಯಿಂದ ಬದುಕುವವನನ್ನು ಆಮಿಷಕ್ಕೆ ಬಿದ್ದನೆಂದು ದೂರುವುದು ನಾಚಿಕೆಯ ಮಾತು. ಚುನಾವಣೆಯ ಸಭೆಗಳಲ್ಲಿ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಯಾವ ಪಕ್ಷದವನೇ ಇರಲಿ, ಕೇಳತಕ್ಕ ಒಂದೇ ಪ್ರಶ್ನೆಯುಂಟು: ಅವಧಿ ಮುಗಿಯುವುದರೊಳಗೆ ಪಕ್ಷ ಬಿಡುವ ಪ್ರಸಂಗ ಬಂದರೆ, ಈ ಪೀಠಕ್ಕೆ ಮತ್ತೆ ಅದೇ ಅವಧಿಯಲ್ಲಿ ನಿಲ್ಲುವುದಿಲ್ಲವೆಂದು ಬರೆದುಕೊಡುವಿರೋ ಇಲ್ಲವೋ? ಬರೆದುಕೊಟ್ಟ ಮಾತು ನ್ಯಾಯಾಲಯದಲ್ಲಿ ನಡೆಯದೆ ಹೋಗಬಹುದು. ಊರಿನಲ್ಲಿ ನಡೆಯುತ್ತದೆ, ಕೊಟ್ಟ ಮಾತಿಗೆ ತಪ್ಪಿದವನು ಮದುವೆ ಮುಂಜಿಗಳಲ್ಲಿ, ಜಾತ್ರೆಗಳಲ್ಲಿ ಮುಖ ತೋರಿಸುವುದು ಕಠಿಣವಾಗುತ್ತದೆ.

ಅಲಖನೂರಿನ ಮತದಾರನು ಅಥಣಿಯ ಶಾಸಕನನ್ನು ಆರಿಸುವುದಿಲ್ಲ, ನಿಜ. ಆದರೆ ಹೊಳೆ ಒಂದೇ, ಮಹಾಪೂರ ಒಂದೇ, ಸರಕಾರ ಒಂದೇ. ಹೊಳೆಯಾಚೆಯ ಎರಡು ಪೀಠಗಳು ತಿರುಗಿದುದರಿಂದ ಈಚೆಯವನಿಗೂ ಅವನು ಆರಿಸದ ಸರಕಾರ ಬಂದಿತು. ಹುಕ್ಕೇರಿಯಲ್ಲಿ ಕಲಿತ ಪಾಠ ಅಥಣಿಗೆ ಹನ್ನೊಂದು ವರ್ಷಗಳಲ್ಲಿ ಮುಟ್ಟಿತು; ಅಥಣಿಯ ಪಾಠವು ರಾಯಬಾಗಕ್ಕೂ ಕುಡಚಿಗೂ ಚಿಕ್ಕೋಡಿಗೂ ಮುಟ್ಟಲಾರದೆಂಬ ಭರವಸೆಯನ್ನು ಯಾರು ಕೊಡಬಲ್ಲರು? ಕೊಲ್ಹಾಪುರದ ಅರಸನ ಪ್ರಜೆಗಳಾಗಿದ್ದವರ ಮೊಮ್ಮಕ್ಕಳಿಗೆ ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ದಾನವಾಗಿ ಬಂದದ್ದಲ್ಲ. ಒಂದು ದೇಶವೇ ಹೋರಾಡಿ ಗಳಿಸಿದ್ದು. ಆ ಹಕ್ಕನ್ನು ಇಂದಿನವರು ‘ಅವರ ಸೀಟು’ ಎಂಬ ಎರಡು ಶಬ್ದಗಳಲ್ಲಿ ಒಬ್ಬನಿಗೆ ಬರೆದುಕೊಡುತ್ತಿದ್ದಾರೆ. ಮೊದಲು ಆ ಶಬ್ದಗಳು ಬಾಯಿಂದ ಹೋಗಲಿ. ಪೀಠವು ಅಥಣಿಯದು, ಕಾಗವಾಡದ್ದು, ರಾಯಬಾಗದ್ದು. ಅದರಲ್ಲಿ ಕುಳಿತವನು ಐದು ವರ್ಷದ ಸಾಲಗಾರ, ಸಾಲ ಕೊಟ್ಟವನಿಗೆ ಲೆಕ್ಕ ಕೇಳುವ ಅಧಿಕಾರವುಂಟು.